ಒಮ್ಮೆ ಮಾತ್ರ ತೋರಿಸಿದ ಜಾಹೀರಾತು

ಜಾಹೀರಾತನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಸಾಬೂನು, ಹಲ್ಲುಪುಡಿ, ತಲೆನೋವಿನ ಮಾತ್ರೆಗಳಿಂದ ತೊಡಗುತ್ತಾರೆ. ನಾನು ಇಂದು ಎತ್ತಿಕೊಂಡಿರುವ ಜಾಹೀರಾತು ಅಂಥ ಯಾವ ಸರಕನ್ನೂ ಮಾರಲಿಲ್ಲ. ಅದರ ಅವಧಿ ಒಂದು ನಿಮಿಷ. ಹಣ ತೆತ್ತು ಅದನ್ನು ಮಾಡಿಸಿದವರು ತೋರಿಸಿದ್ದು ಒಂದೇ ಒಂದು ಸಲ. ಆದರೂ ಜನರ ಮನಸ್ಸನ್ನು ಒಲಿಸುವ ಕಲೆಯ ಚರಿತ್ರೆಯನ್ನು ಬರೆಯುವವರು ಯಾರೂ ಅದನ್ನು ಬಿಟ್ಟು ಮುಂದೆ ಹೋಗಲಾರರು.

1964ರ ಸೆಪ್ಟೆಂಬರ್ 7, ಸೋಮವಾರ. ಅಮೆರಿಕದಲ್ಲಿ ಅಂದು ಕಾರ್ಮಿಕರ ದಿನದ ರಜೆ. ರಾತ್ರಿ ಎನ್.ಬಿ.ಸಿ. ಟೆಲಿವಿಷನ್ನಿನಲ್ಲಿ 1951ರ ಒಂದು ಹಳೆಯ ಚಲನಚಿತ್ರ ನಡೆಯುತ್ತಿತ್ತು. ಬೈಬಲಿನ ದೊರೆ ದಾವೀದನೂ ಬತ್ಷೆಬೆಯೂ ಅದರ ನಾಯಕ ನಾಯಕಿಯರು. ಪರಸತಿಗಾಗಿ ತನ್ನದೇ ಸೈನಿಕನನ್ನು ರಣರಂಗದ ಮುಂಚೂಣಿಗೆ ಕಳುಹಿಸಿ ಸಾಯಿಸಿದ ಅರಸನ ಕಥೆ ಅದು. ಯಾರೂ ಬೇಕೆಂದು ಹೊಂದಿಸಿದ್ದಲ್ಲದಿದ್ದರೂ, ಮುಂದೆ ಹೇಳಲಿರುವ ಸಂಗತಿಗೆ ಈ ಕಥೆ ಕೆಟ್ಟ ಮುನ್ನುಡಿಯಲ್ಲ. ರಜೆಯ ದಿನವಾದ್ದರಿಂದ ಮನೆಮಂದಿಯೆಲ್ಲ ಪೆಟ್ಟಿಗೆಯ ಮುಂದೆ ಕುಳಿತಿದ್ದರು. ನೋಡುತ್ತಿದ್ದವರು ಸುಮಾರು 5 ಕೋಟಿ ಜನ ಎಂದು ಅಂದಾಜು.

ಚಿತ್ರದ ನಡುವೆ ಒಂದು ಬಿಡುವು. ತೆರೆಯ ಮೇಲೆ ಒಂದು ಬಯಲು, ಹಕ್ಕಿಗಳ ಚಿಲಿಪಿಲಿ, ಒಬ್ಬ ಪುಟ್ಟ ಹುಡುಗಿ. ಕೈಯಲ್ಲಿ ಡೇಸಿ ಹೂ. ನಮ್ಮ ಸೇವಂತಿಗೆಯ ಬಳಗಕ್ಕೆ ಸೇರಿದ್ದು. ಹುಡುಗಿ ಒಂದೊಂದೇ ಎಸಳು ಕಿತ್ತು ಎಣಿಸುತ್ತಿದ್ದಾಳೆ. ಐದರವರೆಗೆ ಲೆಕ್ಕ ಸರಿಯಾಗಿದೆ. ಅಲ್ಲಿಂದ ಏಳಕ್ಕೆ ಹಾರುತ್ತಾಳೆ, ಹಿಂದಿರುಗಿ ಆರೆನ್ನುತ್ತಾಳೆ, ಮತ್ತೊಮ್ಮೆ ಆರು, ಆಮೇಲೆ ಎಂಟು, ಒಂಬತ್ತು, ಇನ್ನೊಂದು ಒಂಬತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಗಂಡುದನಿ, ಲೋಹದಂಥ ದನಿ, ಹತ್ತರಿಂದ ಕೆಳಕ್ಕೆ ಎಣಿಸತೊಡಗುತ್ತದೆ. ಹುಡುಗಿ ತಲೆಯೆತ್ತಿ ನೋಡುತ್ತಾಳೆ; ಚಿತ್ರ ಅಲ್ಲಿಯೇ ನಿಂತುಬಿಡುತ್ತದೆ. ಕ್ಯಾಮರಾ ಅವಳ ಮುಖಕ್ಕೆ, ಮುಖದಿಂದ ಕಣ್ಣಿಗೆ, ಕಣ್ಣಿನಿಂದ ಕಣ್ಣಪಾಪೆಗೆ ಸಾಗುತ್ತದೆ. ಪಾಪೆಯ ಕಪ್ಪು ತೆರೆಯನ್ನೆಲ್ಲ ತುಂಬುವ ಹೊತ್ತಿಗೆ ಎಣಿಕೆ ಸೊನ್ನೆಗೆ ಬರುತ್ತದೆ. ಬೆಳಕು, ಸದ್ದು, ನಾಯಿಕೊಡೆಯ ಆಕಾರದಲ್ಲಿ ಮೇಲೇಳುವ ಮೋಡ. ಅದರ ಮೇಲೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಂಠ: ಪಣಕ್ಕಿಟ್ಟಿರುವುದು ಇದು, ದೇವರ ಮಕ್ಕಳೆಲ್ಲರೂ ಬಾಳಬಹುದಾದ ಲೋಕವೊಂದನ್ನು ಕಟ್ಟುವುದೋ ಕತ್ತಲೆಗೆ ನಡೆದುಹೋಗುವುದೋ, ಪರಸ್ಪರ ಪ್ರೀತಿಸುವುದೋ ಸಾಯುವುದೋ ಎಂಬ ಅರ್ಥದ ಮೂರು ನಾಲ್ಕು ವಾಕ್ಯ. ಕೊನೆಗೆ ಮತ್ತೊಂದು ದನಿ, ನವೆಂಬರ್ 3ರಂದು ಜಾನ್ಸನ್ ಅವರಿಗೆ ಮತ ನೀಡಿ, ಮನೆಯಲ್ಲಿ ಉಳಿದುಬಿಡುವಷ್ಟು ಸಣ್ಣ ಸಂಗತಿ ಇದಲ್ಲ ಎಂದು ಹೇಳಿ ಮುಗಿಸುತ್ತದೆ. ದಾವೀದ ದೊರೆಯ ಕಥೆ ಮುಂದುವರಿಯುತ್ತದೆ.

ಇಲ್ಲಿ ಏನು ಇಲ್ಲವೆಂಬುದನ್ನು ಮೊದಲು ಗಮನಿಸಬೇಕು. ಎದುರಾಳಿಯ ಹೆಸರಿಲ್ಲ. ಪಕ್ಷದ ಹೆಸರಿಲ್ಲ. ಯಾವುದೊಂದು ನೀತಿಯ ಮಾತಿಲ್ಲ. ಅವನು ಗೆದ್ದರೆ ಹೀಗಾದೀತು ಎಂಬ ಆರೋಪವಿಲ್ಲ. ಅಲ್ಲಗಳೆಯಬಹುದಾದ ಒಂದು ವಾಕ್ಯವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಮಕ್ಕಳು ಬದುಕಬೇಕು, ಬಾಂಬು ಬೀಳಬಾರದು ಎಂಬುದನ್ನು ಯಾರು ತಾನೆ ಅಲ್ಲವೆಂದಾರು? ಆದರೂ ಮರುದಿನ ಬೆಳಗಾಗುವುದರೊಳಗೆ ಅಮೆರಿಕದ ಜನಕ್ಕೆಲ್ಲ ಅದು ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು ಕುರಿತದ್ದೆಂದು ತಿಳಿದಿತ್ತು. ಹೇಳದ ಮಾತು ಕೇಳಿಸಿದ್ದು ಹೇಗೆ?

ಉತ್ತರಕ್ಕಾಗಿ ಆ ಹಿಂದಿನ ಎರಡು ವರ್ಷಗಳನ್ನು ನೋಡಬೇಕು. 1962ರ ಅಕ್ಟೋಬರಿನಲ್ಲಿ ಕ್ಯೂಬಾದ ಕ್ಷಿಪಣಿಗಳ ಬಿಕ್ಕಟ್ಟು ಲೋಕವನ್ನು ಅಣುಯುದ್ಧದ ಅಂಚಿಗೆ ಒಯ್ದು ಹಿಂದಕ್ಕೆ ತಂದಿತ್ತು. ಬಾಂಬು ಬಿದ್ದರೆ ಮೇಜಿನ ಅಡಿಯಲ್ಲಿ ಮುದುಡಿ ಕುಳಿತುಕೊಳ್ಳಬೇಕೆಂದು ಶಾಲೆಗಳಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸಿದ್ದರು. ವಾಯುಮಂಡಲದಲ್ಲಿ ನಡೆಸಿದ ಬಾಂಬು ಪರೀಕ್ಷೆಗಳ ಧೂಳು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಸೇರಿ, ಮಕ್ಕಳ ಎಲುಬನ್ನು ಹೊಕ್ಕಿತ್ತು. ಆ ವಿಷಕ್ಕೆ ಸ್ಟ್ರಾಂಶಿಯಂ 90 ಎಂದು ಹೆಸರು. ಸೇಂಟ್ ಲೂಯಿಸ್ ನಗರದಲ್ಲಿ ವಿಜ್ಞಾನಿಗಳೂ ಗೃಹಿಣಿಯರೂ ಸೇರಿ 1958ರ ಕೊನೆಯಿಂದ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕೂಡಿಹಾಕಿ ಪರೀಕ್ಷಿಸತೊಡಗಿದ್ದರು. ಹಲ್ಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದ ತಾಯಿಗೆ ಹುಡುಗಿ, ಹೂ ಮತ್ತು ಬಾಂಬಿನ ನಂಟನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಯುಮಂಡಲದ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದಕ್ಕೆ 1963ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೆನೆಟ್ 80 ಮತಗಳಿಂದ ಸಮ್ಮತಿ ನೀಡಿತು. ವಿರೋಧಿಸಿದವರು 19 ಮಂದಿ. ಗೋಲ್ಡ್‌ವಾಟರ್ ಅವರಲ್ಲಿ ಒಬ್ಬರು.

ಗೋಲ್ಡ್‌ವಾಟರ್ ನಾಲಗೆಯನ್ನು ಹಿಡಿತದಲ್ಲಿಟ್ಟುಕೊಂಡವರಲ್ಲ. ಕ್ರೆಮ್ಲಿನ್ನಿನ ಶೌಚಾಲಯಕ್ಕೆ ಒಂದು ಬಾಂಬು ಎಸೆಯೋಣ ಎಂದು ತಮಾಷೆ ಮಾಡಿದ್ದರು. ವಿಯೆಟ್ನಾಮಿನ ಕಾಡುಗಳ ಎಲೆಯುದುರಿಸಿ ಶತ್ರುವಿನ ದಾರಿಗಳನ್ನು ಬಯಲು ಮಾಡುವುದಕ್ಕೆ ಸಣ್ಣ ಅಣ್ವಸ್ತ್ರಗಳನ್ನು ಬಳಸಬಹುದೆಂದು 1964ರ ಮೇ ತಿಂಗಳ ಟೆಲಿವಿಷನ್ ಸಂದರ್ಶನವೊಂದರಲ್ಲಿ ಹೇಳಿದ್ದರು. ಹಾಗೆ ಮಾಡಲಾರೆವು ಎಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸಿದ್ದರು. ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಮೊದಲ ಅರ್ಧ. ಅವರ ಪಕ್ಷದೊಳಗಿನ ಎದುರಾಳಿ ನೆಲ್ಸನ್ ರಾಕೆಫೆಲರ್ ಅವರ ಬೆಂಬಲಿಗರೇ ಕ್ಯಾಲಿಫೋರ್ನಿಯಾದ ಪ್ರಾಥಮಿಕ ಚುನಾವಣೆಯ ಕಾಲದಲ್ಲಿ, ಜಲಜನಕ ಬಾಂಬು ಇರುವ ಕೋಣೆಯಲ್ಲಿ ಯಾರು ಇರಬೇಕೆಂದು ಬಯಸುತ್ತೀರಿ ಎಂದು ಕೇಳುವ ಕರಪತ್ರವನ್ನು ಹಂಚಿದ್ದರು. ಹೀಗೆ, ಜಾಹೀರಾತು ಬರುವುದಕ್ಕೆ ಬಹು ಮೊದಲೇ ಸಂಶಯ ಮೊಳೆತಿತ್ತು. ಜಾಹೀರಾತು ಅದನ್ನು ಬಿತ್ತಲಿಲ್ಲ.

ಇನ್ನು ಆ ಎಣಿಕೆಯ ದನಿ. ಅಮೆರಿಕದ ಜನ ಅದನ್ನು ಮೊದಲು ಕೇಳಿದ್ದು ಭಯದಿಂದಲ್ಲ, ಹೆಮ್ಮೆಯಿಂದ. 1961ರ ಮೇ ತಿಂಗಳಲ್ಲಿ ಅಲನ್ ಶೆಪರ್ಡ್, 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಅಂತರಿಕ್ಷಕ್ಕೆ ಹಾರಿದಾಗ ದೇಶವೆಲ್ಲ ಉಸಿರು ಬಿಗಿಹಿಡಿದು ಇಳಿಯೆಣಿಕೆಯನ್ನು ಆಲಿಸಿತ್ತು. ಗ್ಲೆನ್ನರನ್ನು ಹೊತ್ತೊಯ್ದ ಅಟ್ಲಾಸ್ ರಾಕೆಟ್ಟು ಮೂಲತಃ ಖಂಡದಿಂದ ಖಂಡಕ್ಕೆ ಬಾಂಬು ಸಾಗಿಸಲೆಂದು ಕಟ್ಟಿದ ಕ್ಷಿಪಣಿ. ಒಂದೇ ಯಂತ್ರ, ಒಂದೇ ಎಣಿಕೆ. ಸೊನ್ನೆಯ ಆಚೆಗೆ ಏನಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಈ ಎರಡು ಎಣಿಕೆಗಳನ್ನು, ಮಗುವಿನದೊಂದು ಯಂತ್ರದ್ದೊಂದು, ಒಂದರ ಮೇಲೊಂದನ್ನು ಇರಿಸಬೇಕೆಂದು ಹೊಳೆದದ್ದು ಯಾರಿಗೆ? ಜಾಹೀರಾತನ್ನು ತಯಾರಿಸಿದ ಸಂಸ್ಥೆ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್. ಫೋಕ್ಸ್‌ವ್ಯಾಗನ್ ಎಂಬ ಪುಟ್ಟ ಜರ್ಮನ್ ಕಾರನ್ನು, ದೊಡ್ಡದೇ ಒಳ್ಳೆಯದೆಂದು ನಂಬಿದ್ದ ಅಮೆರಿಕಕ್ಕೆ ಅದರ ಸಣ್ಣತನವನ್ನೇ ಗುಣವಾಗಿ ತೋರಿಸಿ ಮಾರಿದವರು ಇವರು. ಸ್ಟಾನ್ಲಿ ಲೀ, ಸಿಡ್ ಮೈಯರ್ಸ್, ಏರನ್ ಎರ್ಲಿಕ್ ಎಂಬ ಮೂವರು ಸಂಸ್ಥೆಯ ಕಡೆಯಿಂದ ಇದರ ಮೇಲೆ ದುಡಿದರು. ಧ್ವನಿಯ ಕೆಲಸಕ್ಕೆ ಟೋನಿ ಶ್ವಾರ್ಟ್ಸ್ ಎಂಬುವರನ್ನು ಕರೆಸಿಕೊಂಡರು. ಮೂಲ ಕಲ್ಪನೆ ತನ್ನದೆಂದು ಶ್ವಾರ್ಟ್ಸ್ ಮುಂದೆ ಹೇಳಿಕೊಂಡರು. ಸಂಸ್ಥೆಯವರು ಅದನ್ನು ಒಪ್ಪಲಿಲ್ಲ. ಆ ಜಗಳವನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಬಾನುಲಿಯಲ್ಲಿ ಮಾತನಾಡುತ್ತಿರುವ ನನಗೆ ಮಾತ್ರ ಶ್ವಾರ್ಟ್ಸ್ ಅವರ ಬಳಿ ತುಸು ಹೊತ್ತು ನಿಲ್ಲಬೇಕೆನಿಸುತ್ತದೆ. ಅವರು ಕಿವಿಯ ಮನುಷ್ಯ.

1923ರಲ್ಲಿ ಹುಟ್ಟಿದ ಶ್ವಾರ್ಟ್ಸ್ ಹದಿನಾರನೆಯ ವಯಸ್ಸಿನಲ್ಲಿ ಕೆಲವು ತಿಂಗಳು ಕಣ್ಣು ಕಾಣದೆ ಇದ್ದವರು. ದೊಡ್ಡವರಾದ ಮೇಲೆ ಬಯಲು ಜಾಗಗಳೆಂದರೆ ಅವರಿಗೆ ಭಯ. ಮನೆಯಿಂದ ಬಹುದೂರ ಹೋಗಲಾರರು. ಹಾಗೆಂದು ಸುಮ್ಮನೆ ಕೂರಲಿಲ್ಲ. ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿಕೊಂಡು ತಮ್ಮ ಅಂಚೆ ವಲಯದ ಬೀದಿಗಳಲ್ಲಿಯೇ ತಿರುಗಿ, ಹಗ್ಗ ಹಾರುವ ಹುಡುಗಿಯರ ಹಾಡು, ಟ್ಯಾಕ್ಸಿ ಚಾಲಕರ ಹರಟೆ, ಅಂಗಡಿಯವರ ಕೂಗು ಇವನ್ನು ಸಂಗ್ರಹಿಸಿದರು. ಆ ವಲಯದ ಸಂಖ್ಯೆಯನ್ನೇ ಹೆಸರಾಗಿಟ್ಟು 1954ರಲ್ಲಿ ಒಂದು ಧ್ವನಿಮುದ್ರಿಕೆ ಹೊರತಂದರು. ನ್ಯೂಯಾರ್ಕ್ ನಗರದ ಬಾನುಲಿಯಲ್ಲಿ ಮೂರು ದಶಕಗಳ ಕಾಲ ಇಂಥ ಸದ್ದುಗಳ ಕಾರ್ಯಕ್ರಮ ನಡೆಸಿದರು. ಮಕ್ಕಳು ಹೇಗೆ ಎಣಿಸುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಇವರಷ್ಟು ಆಲಿಸಿದ್ದವರು ವಿರಳ. ಹುಡುಗಿ ಏಳರಿಂದ ಆರಕ್ಕೆ ಹಿಂದಿರುಗುವುದು ಜಾಹೀರಾತಿನಲ್ಲಿ ಸಣ್ಣ ಸಂಗತಿಯಲ್ಲ. ತಪ್ಪು ಎಣಿಸಬಲ್ಲದ್ದು ಜೀವವಿರುವುದು ಮಾತ್ರ. ಆ ಗಂಡುದನಿ ಒಂದೇ ಒಂದು ಅಂಕಿಯನ್ನೂ ತಪ್ಪುವುದಿಲ್ಲ.

ತಮ್ಮ ಅನುಭವವನ್ನು ಶ್ವಾರ್ಟ್ಸ್ 1973ರಲ್ಲಿ ‘ದಿ ರೆಸ್ಪಾನ್ಸಿವ್ ಕಾರ್ಡ್’ ಎಂಬ ಪುಸ್ತಕವಾಗಿ ಬರೆದರು. ವೀಣೆಯ ಒಂದು ತಂತಿ ಮಿಡಿದಾಗ ಅದೇ ಶ್ರುತಿಯ ಇನ್ನೊಂದು ತಾನಾಗಿ ಮಿಡಿಯುವುದುಂಟಲ್ಲ, ಅದು ಅವರ ಸಿದ್ಧಾಂತದ ತಿರುಳು. ಕೇಳುವವನ ತಲೆಗೆ ಹೊಸ ವಿಷಯವನ್ನು ತುರುಕುವುದು ದಡ್ಡತನ. ಅವನೊಳಗೆ ಆಗಲೇ ಇರುವುದನ್ನು ಮಿಡಿಸಿ ಹೊರಗೆ ತರುವುದು ಜಾಣತನ. ಇದಕ್ಕೆ ಹಿಂದಿನ ಪೀಳಿಗೆಯ ಪಂಡಿತರು ಬೇರೆ ಬಗೆಯವರು. 1952ರಲ್ಲಿ ಐಸೆನ್‌ಹೋವರ್ ಅವರಿಗಾಗಿ ಟೆಲಿವಿಷನ್ ಜಾಹೀರಾತು ಮಾಡಿಸಿದ ರಾಸರ್ ರೀವ್ಸ್ ಅನಾಸಿನ್ ಮಾತ್ರೆಯನ್ನು ಮಾರಿದವರು. ಒಂದೇ ಮಾತನ್ನು ಸುತ್ತಿಗೆಯಂತೆ ಬಡಿದು ಬಡಿದು ತಲೆಗಿಳಿಸುವುದು ಅವರ ವಿಧಾನ. ರೀವ್ಸ್ ಅವರದು ನೂರು ಸಲ ತೋರಿಸಬೇಕಾದ ಜಾಹೀರಾತು. ಶ್ವಾರ್ಟ್ಸ್ ಅವರದು ಒಂದು ಸಲ ಸಾಕು.

ನಮ್ಮ ಓದುಗರಿಗೆ ಇಲ್ಲಿ ಯಾವುದೋ ಪರಿಚಿತ ದನಿ ಕೇಳಿದಂತಾಗುತ್ತಿರಬೇಕು. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪರೀಕ್ಷೆಗಾಗಿಯಾದರೂ ತಿರುವಿಹಾಕಿದವರಿಗೆ, ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಹೇಳಿದ ಮಾತು ನೆನಪಾಗದೆ ಇರದು. ವಾಚ್ಯಾರ್ಥವೊಂದು, ಅದನ್ನು ಮೀರಿ ಹೊಮ್ಮುವ ವ್ಯಂಗ್ಯಾರ್ಥವೊಂದು, ಹೇಳಿದ್ದಕ್ಕಿಂತ ಹೇಳದೆ ಹೊಳೆಯಿಸಿದ್ದೇ ಮಿಗಿಲು, ಅದೇ ಧ್ವನಿ. ಆ ಧ್ವನಿ ತಟ್ಟುವುದು ಎಲ್ಲರಿಗೂ ಅಲ್ಲ, ಸಹೃದಯನಿಗೆ. ಅವನ ಎದೆಯಲ್ಲಿ ವಾಸನಾರೂಪದಲ್ಲಿ ಭಾವ ಮೊದಲೇ ನೆಲೆಸಿರಬೇಕೆಂದು ಅಭಿನವಗುಪ್ತ ವಿವರಿಸಿದ. ಹಾಲುಹಲ್ಲನ್ನು ಅಂಚೆಗೆ ಹಾಕಿದ ತಾಯಿಯ ಎದೆಯಲ್ಲಿದ್ದದ್ದು ಅಂಥ ವಾಸನೆ. ಹುಡುಗಿಯೂ ಹೂವೂ ಎಣಿಕೆಯೂ ವಿಭಾವಗಳು. ಗೋಲ್ಡ್‌ವಾಟರ್ ಎಂಬ ಹೆಸರು ಎಲ್ಲಿಯೂ ವಾಚ್ಯವಾಗದೆ ನೋಡುವವನಲ್ಲಿಯೇ ಹೊಮ್ಮಿತು.

ಇಷ್ಟು ಹೊಂದಿಕೆಯನ್ನು ಕಂಡು, ನಮ್ಮವರು ಇದನ್ನೆಲ್ಲ ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರೆಂದು ಬೀಗುವುದಕ್ಕೆ ನಾನು ಈ ಮಾತನ್ನು ಎತ್ತಲಿಲ್ಲ. ಹೊಂದದೆ ಇರುವ ಕಡೆಯೇ ನನಗೆ ಮುಖ್ಯ. ಕಾವ್ಯದಲ್ಲಿ ಭಯ ಭಯಾನಕರಸವಾಗಬೇಕಾದರೆ ಅದು ನನ್ನದು, ನಿನ್ನದು ಎಂಬ ಕಟ್ಟಿನಿಂದ ಬಿಡಿಸಿಕೊಳ್ಳಬೇಕು. ಸಾಧಾರಣೀಕರಣವೆಂದು ಅದಕ್ಕೆ ಹೆಸರು. ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯ ಭಯವನ್ನು ನಾವು ಸವಿಯುತ್ತೇವೆ. ಎದ್ದು ಹೋಗಿ ಬಾಣವನ್ನು ತಡೆಯಬೇಕೆನಿಸುವುದಿಲ್ಲ. ನಮ್ಮ ಜಾಹೀರಾತು ಮೊದಲ ಅರ್ಧದಲ್ಲಿ ಇದೇ ದಾರಿಯನ್ನು ಹಿಡಿಯುತ್ತದೆ. ಆ ಹುಡುಗಿಗೆ ಹೆಸರಿಲ್ಲ, ಊರಿಲ್ಲ, ಅವಳು ಎಲ್ಲರ ಮನೆಯ ಮಗು. ಕಣ್ಣಪಾಪೆ ತೆರೆಯನ್ನು ತುಂಬುವವರೆಗೂ ಅದು ಕಾವ್ಯವೇ. ಆಮೇಲೆ ನವೆಂಬರ್ 3 ಎಂಬ ತಾರೀಖು ಬರುತ್ತದೆ. ಆಗಷ್ಟೇ ಸಾಧಾರಣವಾಗಿದ್ದ ಭಯ ಹಠಾತ್ತನೆ ಲೌಕಿಕಕ್ಕೆ ಇಳಿದು, ಪಕ್ಕದ ಕೋಣೆಯಲ್ಲಿ ಮಲಗಿರುವ ನನ್ನ ಮಗುವಿನ ಭಯವಾಗಿ, ಮತಪೆಟ್ಟಿಗೆಯ ದಾರಿ ಹಿಡಿಯುತ್ತದೆ. ರಸಕ್ಕೆ ಬೇಕಾದ ಸಲಕರಣೆಗಳನ್ನೆಲ್ಲ ಎರವಲು ತಂದು, ರಸವಾಗುವ ಗಳಿಗೆಯಲ್ಲಿ ತಡೆದು, ಅದರ ಕಾವನ್ನು ಬೇರೆಡೆಗೆ ತಿರುಗಿಸುವುದು ಈ ಕಲೆಯ ಗುಟ್ಟೆಂದು ನನಗೆ ತೋರುತ್ತದೆ. ಆಲಂಕಾರಿಕರು ಇದನ್ನು ಊಹಿಸಿರಲಿಲ್ಲ. ಊಹಿಸುವ ಅಗತ್ಯ ಅವರಿಗೆ ಇರಲೂ ಇಲ್ಲ.

ಈ ಮಾತಿಗೆ ಒಂದು ಪುರಾವೆಯೂ ಇದೆ. ಅದೇ ವಾರ, ಸೆಪ್ಟೆಂಬರ್ 12ರಂದು, ಅದೇ ಸಂಸ್ಥೆ ತಯಾರಿಸಿದ ಇನ್ನೊಂದು ಜಾಹೀರಾತು ಪ್ರಸಾರವಾಯಿತು. ಅಲ್ಲಿಯೂ ಒಬ್ಬ ಹುಡುಗಿ, ಐಸ್‌ಕ್ರೀಮ್ ನೆಕ್ಕುತ್ತಿರುತ್ತಾಳೆ. ತಾಯಿಯಂಥ ಒಂದು ಹೆಣ್ಣುದನಿ ಸ್ಟ್ರಾಂಶಿಯಂ 90ರ ಸಂಗತಿಯನ್ನು ತಿಳಿಸಿ, ನಿಷೇಧದ ಒಪ್ಪಂದವನ್ನು ಹೇಳಿ, ಅದನ್ನು ವಿರೋಧಿಸಿ ಮತ ಹಾಕಿದವರು ಗೋಲ್ಡ್‌ವಾಟರ್ ಎಂದು ಹೆಸರು ಹಿಡಿದೇ ಹೇಳುತ್ತದೆ. ಅದರಲ್ಲಿ ವಿಷಯವಿದೆ, ವಾದವಿದೆ, ಪರಿಶೀಲಿಸಬಹುದಾದ ಸತ್ಯವಿದೆ. ನಾಗರಿಕನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಅದು ಹೆಚ್ಚು ಸಲ್ಲಿಸುತ್ತದೆ ಎಂದೂ ಹೇಳಬಹುದು. ಆದರೆ ಇಂದು ಅದನ್ನು ನೆನೆಯುವವರು ಇತಿಹಾಸಕಾರರು ಮಾತ್ರ.

ರಿಪಬ್ಲಿಕನ್ನರು ಮಾಡಿದ ತಪ್ಪು ಇನ್ನೊಂದು ಬಗೆಯದು. ಅವರ ಪಕ್ಷದ ಅಧ್ಯಕ್ಷ ಡೀನ್ ಬರ್ಚ್, ತಮ್ಮ ಅಭ್ಯರ್ಥಿಯನ್ನು ಲೋಕನಾಶಕನೆಂದು ಬಣ್ಣಿಸಲಾಗಿದೆ ಎಂದು ದೂರು ಕೊಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜಾಹೀರಾತು ಬಿಟ್ಟಿದ್ದ ಖಾಲಿ ಜಾಗದಲ್ಲಿ ತಮ್ಮ ಅಭ್ಯರ್ಥಿಯ ಹೆಸರನ್ನು ತಾವೇ ಬರೆದುಕೊಟ್ಟರು. ದೂರು ಸುದ್ದಿಯಾಯಿತು, ಸುದ್ದಿಯ ಕಾರ್ಯಕ್ರಮಗಳು ಆ ಒಂದು ನಿಮಿಷವನ್ನು ಕಾಸಿಲ್ಲದೆ ಮತ್ತೆ ಮತ್ತೆ ತೋರಿಸಿದವು, ‘ಟೈಮ್’ ವಾರಪತ್ರಿಕೆ ಹುಡುಗಿಯ ಚಿತ್ರವನ್ನು ಮುಖಪುಟಕ್ಕೇ ತಂದಿತು. ಜಾನ್ಸನ್ನರ ಕಡೆಯವರು ತಮ್ಮ ಕೆಲಸ ಮುಗಿಯಿತೆಂದು ಎರಡನೆಯ ಸಲ ಹಣ ತೆರಲಿಲ್ಲ.

ಚುನಾವಣೆಯಲ್ಲಿ ಜಾನ್ಸನ್ ಶೇಕಡ 61ಕ್ಕೂ ಮಿಕ್ಕಿ ಮತ ಪಡೆದರು. ಚುನಾಯಕ ಮತಗಳಲ್ಲಿ 486 ಅವರಿಗೆ, 52 ಗೋಲ್ಡ್‌ವಾಟರ್ ಅವರಿಗೆ. ಇದನ್ನು ಜಾಹೀರಾತಿನ ಖಾತೆಗೆ ಜಮಾ ಮಾಡುವುದು ಜಾಹೀರಾತು ಸಂಸ್ಥೆಗಳಿಗೆ ಪ್ರಿಯವಾದ ಲೆಕ್ಕ. ಚರಿತ್ರೆಗೆ ಒಪ್ಪುವ ಲೆಕ್ಕವಲ್ಲ. ಜಾನ್ಸನ್ ಬೇಸಗೆಯಿಂದಲೇ ಬಹಳ ಮುಂದಿದ್ದರು. ಕೆನಡಿಯವರ ಹತ್ಯೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಮತ್ತೊಮ್ಮೆ ಅಧ್ಯಕ್ಷರನ್ನು ಬದಲಾಯಿಸುವ ಮನಸ್ಸು ಜನಕ್ಕೆ ಇದ್ದಂತಿಲ್ಲ. ಗೆಲುವು ಖಚಿತವೆಂಬ ಭರವಸೆಯಿಂದ ಬೆಂಬಲಿಗರು ಮನೆಯಲ್ಲೇ ಉಳಿದಾರೆಂಬ ಅಳುಕು ಮಾತ್ರ ಜಾನ್ಸನ್ನರ ಕಡೆಯವರಿಗಿತ್ತು. ಜಾಹೀರಾತಿನ ಕೊನೆಯ ವಾಕ್ಯವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಕೇಳಿದರೆ ಅದರ ಗುರಿ ತಿಳಿಯುತ್ತದೆ. ಮನಸ್ಸು ಬದಲಾಯಿಸುವುದಲ್ಲ, ಮನೆ ಬಿಟ್ಟು ಹೊರಡಿಸುವುದು.

ಆ ಹೊರಟ ಜನ ಯಾವುದಕ್ಕೆ ಮತ ನೀಡಿದೆವೆಂದು ತಿಳಿದಿದ್ದರು? ಶಾಂತಿಗೆ, ಸಂಯಮಕ್ಕೆ. ಆದರೆ ಹುಡುಗಿ ತೆರೆಯ ಮೇಲೆ ಬಂದ ದಿನಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಆಗಸ್ಟ್ 7ರಂದು, ಟಾಂಕಿನ್ ಕೊಲ್ಲಿಯ ನಿರ್ಣಯವನ್ನು ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿತ್ತು. ವಿಯೆಟ್ನಾಮಿನಲ್ಲಿ ಬೇಕಾದ ಬಲವನ್ನು ಪ್ರಯೋಗಿಸುವ ಅಧಿಕಾರ ಜಾನ್ಸನ್ನರ ಕೈಗೆ ಬಂದಿತ್ತು. ಅದಕ್ಕೆ ನೆಪವಾದ ಆಗಸ್ಟ್ 4ರ ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. 1965ರ ಮಾರ್ಚ್ 8ರಂದು ನೌಕಾಪದಾತಿಗಳು ಡಾ ನಾಂಗ್‌ನಲ್ಲಿ ಇಳಿದರು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರು 5 ಲಕ್ಷಕ್ಕೂ ಹೆಚ್ಚು. ಕಾಡಿನ ಎಲೆಗಳನ್ನು ಅಣ್ವಸ್ತ್ರದಿಂದ ಉದುರಿಸಬಹುದೆಂದ ಗೋಲ್ಡ್‌ವಾಟರ್ ಲೋಕನಾಶಕರೆನಿಸಿದರು. 1962ರಿಂದಲೇ ನಡೆಯುತ್ತಿದ್ದ ಎಲೆಯುದುರಿಸುವ ರಾಸಾಯನಿಕದ ಸಿಂಪರಣೆ ಜಾನ್ಸನ್ನರ ಕಾಲದಲ್ಲಿ ಬಹುಪಾಲು ಹಬ್ಬಿತು. ಆ ವಿಷವುಂಡ ನೆಲದಲ್ಲಿ ಹುಟ್ಟಿದ ಮಕ್ಕಳ ಎಣಿಕೆಯನ್ನು ಯಾವ ಜಾಹೀರಾತೂ ತೋರಿಸಲಿಲ್ಲ. ಜಾನ್ಸನ್ ಸುಳ್ಳು ಹೇಳಿದರೆಂದು ಜಾಹೀರಾತಿನ ಆಧಾರದಿಂದ ಅವರನ್ನು ಹಿಡಿಯಲೂ ಆಗದು. ಅದು ಯಾವ ಮಾತನ್ನೂ ಕೊಟ್ಟಿರಲಿಲ್ಲ. ಎದುರಾಳಿಯ ಹೆಸರನ್ನು ತುಂಬಿದ ಹಾಗೆಯೇ ಶಾಂತಿಯ ಭಾಷೆಯನ್ನೂ ತುಂಬಿಕೊಂಡವರು ನೋಡಿದವರು.

ಇಷ್ಟನ್ನು ತಿಳಿದ ಮೇಲೂ, ಬಹಳ ವರ್ಷಗಳ ಅನಂತರ ಆ ಒಂದು ನಿಮಿಷವನ್ನು ಮೊದಲ ಸಲ ನೋಡಿದಾಗ, ಏಳರ ಬಳಿ ಹುಡುಗಿ ಎಡವಿದೊಡನೆ ನನ್ನ ಮುಖದಲ್ಲಿ ನಗು ಮೂಡಿತೆಂದೂ, ಆ ಗಂಡುದನಿ ಕೇಳಿದೊಡನೆ ಎದೆ ಝಲ್ಲೆಂದಿತೆಂದೂ ಒಪ್ಪಿಕೊಳ್ಳಬೇಕು. ಏನಾಗಲಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಸ್ವಲ್ಪವೂ ಕೆಲಸಕ್ಕೆ ಬರಲಿಲ್ಲ.

ಇನ್ನೊಂದು ಸಂಗತಿ ಉಳಿದಿದೆ. ಪ್ರೀತಿ ಇಲ್ಲವೇ ಸಾವು ಎಂಬ ಜಾನ್ಸನ್ನರ ಮಾತು ಕೇಳಿದೊಡನೆ ಸಾಹಿತ್ಯ ಬಲ್ಲವರಿಗೆ ಡಬ್ಲ್ಯು. ಎಚ್. ಆಡೆನ್ ನೆನಪಾದರು. ಎರಡನೆಯ ಮಹಾಯುದ್ಧ ಮೊದಲಾದ ದಿನದ ತಾರೀಖನ್ನೇ ಶೀರ್ಷಿಕೆಯಾಗಿಟ್ಟು ಅವರು ಬರೆದ ಕವಿತೆಯಲ್ಲಿ ಇದೇ ಹುರುಳಿನ ಸಾಲೊಂದಿದೆ. ಆಡೆನ್ನರಿಗೆ ಆ ಸಾಲು ಬೇಗನೆ ಬೇಸರವಾಯಿತು. ಪ್ರೀತಿಸಿದರೂ ಸಾಯಲೇಬೇಕಲ್ಲ, ಇದು ಅಪ್ರಾಮಾಣಿಕ ಮಾತು ಎಂದು 1945ರ ಸಂಗ್ರಹದಲ್ಲಿ ಆ ಪದ್ಯಭಾಗವನ್ನೇ ಕೈಬಿಟ್ಟರು. 1955ರಲ್ಲಿ ಒಂದು ಸಂಕಲನಕ್ಕಾಗಿ ಅದನ್ನು ಮರಳಿಸಿದಾಗ ‘ಇಲ್ಲವೇ’ ಎಂಬ ಪದವನ್ನು ‘ಮತ್ತು’ ಎಂದು ತಿದ್ದಿದರು. ಮೂವತ್ತರ ದಶಕದ ಕಾವ್ಯದ ಸಂಕಲನವೊಂದಕ್ಕೆ ಪೆಂಗ್ವಿನ್ ಪ್ರಕಾಶನದವರು ಈ ಕವಿತೆಯನ್ನೂ ಇನ್ನು ನಾಲ್ಕನ್ನೂ ಕೇಳಿದಾಗ, ಇವು ಬರೆದುದಕ್ಕೆ ನಾಚಿಕೆಪಡುವಂಥ ಕಸವೆಂದು ಕವಿಯ ಅಭಿಪ್ರಾಯ ಎಂಬುದನ್ನು ಸ್ಪಷ್ಟವಾಗಿ ಅಚ್ಚು ಮಾಡಬೇಕೆಂಬ ಷರತ್ತಿನ ಮೇಲೆ ಅನುಮತಿ ಕೊಟ್ಟರು. ಆ ಸಂಕಲನ ಹೊರಬಂದದ್ದು 1964ರಲ್ಲಿ.